ಎಕ್ಕದ ಮೂಲೆಗೆ ಅರಿಶಿನ

ವಸಂತಮ್ಮನಿಗೆ ಸಿಟ್ಟು ಬಂದರೆ ಹೊಸಮನೆ ಬಡಾವಣೆಯ ಬೀದಿನಾಯಿಗಳೂ ದಾರಿ ಬಿಡುತ್ತವೆ ಎಂದು ಜನ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಆ ನಾಯಿಗಳಿಗೆ ದಿನಾ ಬೆಳಿಗ್ಗೆ ಬಿಸ್ಕತ್ತು ಹಾಕುವವಳೇ ಅವಳು. ಅವಳು ಬೈಯುವುದು ಮನುಷ್ಯರನ್ನು ಮಾತ್ರ, ಅದೂ ಬೈಸಿಕೊಳ್ಳುವ ಯೋಗ್ಯತೆ ಇರುವವರನ್ನು. ಶಿವಮೊಗ್ಗದಲ್ಲಿ ಅಂಥವರಿಗೇನೂ ಬರವಿಲ್ಲ. ಯೋಗ್ಯತೆಯೇ ಇಲ್ಲದೆ ದಿನಾ ಬೈಸಿಕೊಳ್ಳುತ್ತಿದ್ದವನು ಒಬ್ಬನೇ, ಅವಳ ಪ್ರೆಸ್ಸಿನ ಮಷೀನ್ ನಡೆಸುವ ಕರಿಯಪ್ಪ. ಭದ್ರಾವತಿಯಿಂದ ಬರುವ ಬಸ್ಸು ತಡವಾದರೆ "ಬಂದ್ಯಾ ಕಳ್ಳ" ಎನ್ನುವಳು. ಶಾಯಿ ಖಾಲಿಯಾದರೆ "ಕುಡಿದ್ಯೇನೋ ಕಳ್ಳ" ಎನ್ನುವಳು. ಕರಿಯಪ್ಪ ಅವಳಿಗಿಂತ ಹಿರಿಯ, ಮೀಸೆಯೆಲ್ಲ ಬೆಳ್ಳಗಾಗಿದೆ. ಒಂದು ದಿನವೂ ಎದುರು ಮಾತಾಡಿದವನಲ್ಲ.

ಮನೆಯ ಕೆಳಗಿನ ಭಾಗದಲ್ಲೇ ಪ್ರೆಸ್ಸು. ಗಂಡ ಭೈರಪ್ಪ ಶುರು ಮಾಡಿದ್ದು, ಲಗ್ನಪತ್ರಿಕೆಗೆ ಸುತ್ತಮುತ್ತಲೆಲ್ಲ ಹೆಸರಾಗಿತ್ತು. ಅಲ್ಲೊಂದು ಪದ್ಧತಿ ಇತ್ತು. ಯಾವ ಮದುವೆಯದೇ ಆಗಲಿ, ಮಷೀನಿನಿಂದ ಬಂದ ಮೊದಲ ಪ್ರತಿಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಆಮೇಲೇ ಗಿರಾಕಿಯ ಕೈಗೆ ಕೊಡುವುದು. ಹಚ್ಚುತ್ತಿದ್ದವಳು ವಸಂತಮ್ಮ. ಮಗ ನಿಶಾಂತ್ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗ ಭೈರಪ್ಪ ಎದೆನೋವು ಅಂತ ಮಲಗಿದವನು ಮತ್ತೆ ಏಳಲಿಲ್ಲ. ತಿಥಿ ಮುಗಿಸಿ ಅವಳು ಷಟರ್ ಎತ್ತಿದಳು. ಮೊದಲು ಬಂದ ಗಿರಾಕಿ ಒಬ್ಬ ಹೆಂಗಸು, ಪತ್ರಿಕೆ ಕೈಗೆ ಬರುವ ಹೊತ್ತಿಗೆ ಹಿಂಜರಿದು, "ಅರಿಶಿನ ನೀವು ಹಚ್ಬೇಡಿ ವಸಂತಕ್ಕ, ಪಕ್ಕದ ಮನೆ ಮುತ್ತೈದೆ ಯಾರನ್ನಾದ್ರೂ ಕರೀರಿ" ಅಂದಳು.

ವಸಂತಮ್ಮ ಬಾಯಿ ಕಟ್ಟಿ ನಿಂತಿದ್ದು ಜನ್ಮದಲ್ಲಿ ಅದೊಂದೇ ಸಲ. ಒಳಗಿನಿಂದ ಕರಿಯಪ್ಪ ಅರಿಶಿನದ ಬಟ್ಟಲು ತಂದು ಅವಳ ಮುಂದಿಟ್ಟ. "ಹಚ್ಚಿ ಅಮ್ಮ. ಪ್ರೆಸ್ಸು ನಿಮ್ದು" ಅಂದ. ಅವಳು ಹಚ್ಚಿದಳು. ಗಿರಾಕಿ ಪತ್ರಿಕೆ ಅಲ್ಲೇ ಬಿಟ್ಟು ಎದ್ದು ಹೋದಳು.

ಅವತ್ತಿನಿಂದ ವಸಂತಮ್ಮ ಲಗ್ನಪತ್ರಿಕೆಗೆ ಮಾತ್ರವಲ್ಲ, ಕಂಡಕಂಡದ್ದಕ್ಕೆಲ್ಲ ಅರಿಶಿನ ಹಚ್ಚತೊಡಗಿದಳು. ಗೃಹಪ್ರವೇಶದ ಕಾರ್ಡಿಗೆ, ಎಲೆಕ್ಷನ್ ಕರಪತ್ರಕ್ಕೆ, ಸೊಸೈಟಿಯ ರಸೀದಿಗೆ, ಕೊನೆಗೆ ಲೋಡಾಗಿ ಬರುವ ಕಾಗದದ ಬಂಡಲ್ಲಿಗೂ. ಯಾರಾದರೂ ಹುಬ್ಬೇರಿಸಿದರೆ, "ಯಾಕೆ, ನನ್ನ ಕೈ ಹಚ್ಚಿದ್ರೆ ಅಕ್ಷರ ಅಳಿಸಿ ಹೋಗುತ್ತಾ?" ಎಂದು ಕೇಳುವಳು. ಅವಳಿಗೆ ಅದು ಪೂಜೆಯಲ್ಲ, ಜಗಳ.

ಈಗ ಜಗಳಕ್ಕೂ ಗಿರಾಕಿಗಳಿಲ್ಲ. ಮದುವೆಗೆ ಕರೆಯುವುದು ವಾಟ್ಸಾಪಿನಲ್ಲಿ. ಹಿರಿಯರ ಸಮಾಧಾನಕ್ಕೆ ನಾಲ್ಕು ಕಾರ್ಡು ಮಾಡಿಸಿದರೆ ಹೆಚ್ಚು. ಮಷೀನು ವಾರದಲ್ಲಿ ಒಂದು ದಿನ ತಿರುಗಿದರೆ ಉಳಿದ ದಿನ ಟಾರ್ಪಾಲು ಹೊದ್ದು ಮಲಗುತ್ತದೆ. ನಿಶಾಂತ್ ಗೋಪಾಳದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಹುಟ್ಟುಹಬ್ಬ, ಶ್ರದ್ಧಾಂಜಲಿ, ಪುಢಾರಿಗಳ ಹಲ್ಲುಕಿರಿತ, ಎಲ್ಲವೂ ಅಲ್ಲಿಂದಲೇ ಕಂಬ ಏರುತ್ತವೆ. ಅವನಿಗೆ ಅಲ್ಲಿ ಜಾಗ ಸಾಲದು. ಅಪ್ಪನ ಮಷೀನನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ದೊಡ್ಡ ಫ್ಲೆಕ್ಸ್ ಮಷೀನು ತರುವುದು ಅವನ ಲೆಕ್ಕ. ಕೆಟ್ಟ ಮಗನೇನಲ್ಲ. ಆದರೆ ಅಮ್ಮನ ಎದುರು ಆ ಮಾತೆತ್ತಿದಾಗಲೆಲ್ಲ ಊಟದ ತಟ್ಟೆ ಸದ್ದು ಮಾಡುತ್ತಿತ್ತು.

ಇಂಥ ಹೊತ್ತಿನಲ್ಲಿ ಚಂದ್ರಶೇಖರಪ್ಪ ಬಂದರು. ಅಡಿಕೆ ಮಂಡಿಯ ಸಾಹುಕಾರರು, ಊರಿನ ಹಳೆಯ ಕ್ಲಬ್ಬೊಂದರ ಸೆಕ್ರೆಟರಿ. ಬಂದದ್ದು ಲೆಟರ್‌ಹೆಡ್ ಮಾಡಿಸಲು. ನಿಶಾಂತನೂ ಅಲ್ಲೇ ಕೂತಿದ್ದ. ಬಾಯಲ್ಲಿದ್ದ ಎಲೆ-ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ ಅವರು ಹೇಳಿದರು, "ಕ್ಲಬ್ಬಿಗೆ ಐವತ್ತು ವರ್ಷ ಆಯ್ತು ವಸಂತಮ್ಮೋರೆ. ನಮ್ದೇ ಗುರುತಿರೋ ಇಸ್ಪೀಟು ಮಾಡಿಸ್ತಾ ಇದೀವಿ. ಮೆಂಬರುಗಳಿಗೆಲ್ಲ ಒಂದೊಂದು ಕಟ್ಟು."

"ಮಾಡ್ಕೊಡೋಣ" ಅಂದಳು ವಸಂತಮ್ಮ.

ಚಂದ್ರಶೇಖರಪ್ಪ ನಕ್ಕರು. "ನೀವಾ? ಇದು ಲಗ್ನಪತ್ರಿಕೆ ಅಲ್ಲ ತಾಯಿ. ಶಿವಕಾಶೀಲಿ ಮಾಡಿಸ್ತೀವಿ."

"ಯಾಕೆ, ಶಿವಕಾಶಿಯೋರ ಕೈಗೆ ಆರಾರು ಬೆರಳಿದ್ಯಾ?"

ಅವರು ಜೇಬಿನಿಂದ ಒಂದು ಇಸ್ಪೀಟಿನ ಎಲೆ ತೆಗೆದು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದರು. ಬೆಳಕು ಹಾಯಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಲಗ್ನಪತ್ರಿಕೆಯೊಂದನ್ನು ಹಾಗೇ ಹಿಡಿದರು. ಹಿಂಬದಿ ಅಚ್ಚಾಗಿದ್ದ ಗಣಪತಿ ಮುಂದೆ ಬಂದು ಕೂತ. "ನೋಡಿ. ನಿಮ್ಮ ಕಾಗದದಲ್ಲಿ ಆಡಿದ್ರೆ ನನ್ನ ಕೈಲಿರೋ ಎಲೆ ಎಲ್ಲ ಎದುರು ಕೂತೋನಿಗೆ ಕಾಣುತ್ತೆ. ಮೊದ್ಲು ಕಾಗದ ಹುಡುಕಿ. ಸಿಕ್ರೆ ಒಂದು ಕಟ್ಟು ಮಾಡ್ಕೊಂಡ್ ಬನ್ನಿ, ಆಡಿ ನೋಡ್ತೀವಿ. ಪಾಸಾದ್ರೆ ಕ್ಲಬ್ಬಿನ ಇಸ್ಪೀಟು ಪ್ರತಿವರ್ಷ ನಿಮ್ದೇ."

ಅವರು ಮೆಟ್ಟಿಲಿಳಿಯುತ್ತಿದ್ದ ಹಾಗೇ ನಿಶಾಂತ್ ಬಾಯಿ ತೆರೆದ. "ಅಮ್ಮಾ, ಸುಮ್ನೆ ಯಾಕೆ..."

"ಈ ಇಸ್ಪೀಟು ಪಾಸಾಗ್ಲಿಲ್ಲ ಅಂದ್ರೆ ತಗೊಂಡ್ಹೋಗು ನಿನ್ನಪ್ಪನ ಮಷೀನು! ಗುಜರಿಗೆ ಹಾಕು, ನದಿಗೆ ಹಾಕು. ನಾನು ತುಟಿ ಪಿಟಕ್ ಅನ್ನಲ್ಲ."

ನಿಶಾಂತ್ ಆ ಮಾತನ್ನು ಬಿಡಲಿಲ್ಲ. "ಮಾತು ಮಾತೇ ಅಮ್ಮ?" ಎಂದು ಕೇಳಿದ. "ಮಾತು ಮಾತೇ" ಅಂದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ವಸಂತಮ್ಮ ಆ ಗಾದೆಯನ್ನು ಎಷ್ಟೋ ಜನರಿಗೆ ಹೇಳಿದ್ದಾಳೆ. ಮೂಲೆಯಲ್ಲಿ ರೋಲರ್ ಒರೆಸುತ್ತಿದ್ದ ಕರಿಯಪ್ಪ ತಲೆ ಎತ್ತಿ ಇಬ್ಬರನ್ನೂ ನೋಡಿದ. ಮಷೀನು ಹೋದರೆ ಅವನ ಅನ್ನವೂ ಹೋಗುತ್ತದೆ, ಆದರೆ ಅವನನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ಕಾಗದದ ಬೇಟೆ. ಗಾಂಧಿಬಜಾರಿನ ಅಂಗಡಿಗಳಿಗೆ ಹೊಕ್ಕು ವಸಂತಮ್ಮ ಹಾಳೆ ಹಾಳೆಯ ಕೆಳಗೂ ಮೊಬೈಲಿನ ಟಾರ್ಚು ಹಿಡಿದಳು. "ಇದು ಬೆಸ್ಟ್ ಐವರಿ ಬೋರ್ಡು ಮೇಡಂ" ಎಂದವನಿಗೆ, "ನಿನ್ನ ಬೆಸ್ಟಿನ ಹಿಂದೆ ನನ್ನ ಬೆರಳು ಕಾಣ್ತಿದೆಯಲ್ಲೋ" ಅಂದಳು. ಇನ್ನೊಬ್ಬ ಬೂದು ಬೆನ್ನಿನ ದಪ್ಪ ರಟ್ಟು ಕೊಟ್ಟ. ಬೆಳಕೇನೋ ಹಾಯಲಿಲ್ಲ, ಆದರೆ ಬಗ್ಗಿಸಿದರೆ ಬಗ್ಗಿದ ಹಾಗೇ ಉಳಿಯಿತು. ಇಸ್ಪೀಟಿನ ಎಲೆ ಬಗ್ಗಿಸಿ ಬಿಟ್ಟರೆ ಚಟ್ ಅಂತ ನೆಟ್ಟಗಾಗಬೇಕು. "ಇದ್ರಲ್ಲಿ ಮೈಸೂರ್‌ಪಾಕ್ ಹಾಕಿ ಕೊಡು, ತಿಂತೀನಿ" ಎಂದು ರಟ್ಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಎಸೆದು ಬಂದಳು.

ಬೇಕಾದ್ದು ಏನೆಂದು ಆ ಹೊತ್ತಿಗೆ ಅವಳಿಗೆ ತಿಳಿದಿತ್ತು. ಎರಡು ಹಾಳೆಗಳ ನಡುವೆ ಕರೀ ಅಂಟು ಬಳಿದು ಒತ್ತಿದ ಬೋರ್ಡು. ಆ ಕಪ್ಪು ಪದರವೇ ಬೆಳಕನ್ನು ತಡೆಯುವುದು. ಶಿವಕಾಶಿಗೆ ಫೋನು ಮಾಡಿದರೆ ಲಾರಿ ಲೋಡು ಕೊಂಡರೆ ಮಾತ್ರ ಮಾತು ಅಂದರು. ಬೆಂಗಳೂರಿನವನೊಬ್ಬ, "ಹೊರದೇಶದ್ದು ಮೇಡಂ, ಆರ್ಡರ್ ಹಾಕಿ ಕಾಯಬೇಕು. ನಿಮ್ಮದು ಎಂಥ ಪ್ರೆಸ್ಸು?" ಎಂದು ಕೇಳಿದ. ಆ "ಎಂಥ" ಅನ್ನೋ ಪದದಲ್ಲಿ ಇದ್ದ ತಾತ್ಸಾರಕ್ಕೆ ವಸಂತಮ್ಮ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಫೋನು ಇಟ್ಟವಳೇ ಕರಿಯಪ್ಪನ ಕಡೆ ತಿರುಗಿದಳು. "ನೀನು ಭದ್ರಾವತಿ ಪೇಪರ್ ಟೌನಲ್ಲಿ ಹುಟ್ಟಿ ಬೆಳೆದೋನು. ನಿನ್ನಪ್ಪ ಕಾಗದದ ಕಾರ್ಖಾನೇಲೇ ರಿಟೈರಾದೋನು. ಒಂದು ಹಾಳೆ ಹುಡುಕೋ ಯೋಗ್ಯತೆ ಇಲ್ವೇನೋ ಕಳ್ಳ?"

ಕರಿಯಪ್ಪ ಎರಡು ದಿನ ಬಿಟ್ಟು ಬೆಳಿಗ್ಗೆ ಬಂದವನು ಟವಲಿನಲ್ಲಿ ಸುತ್ತಿದ್ದ ಒಂದು ತುಂಡು ಬೋರ್ಡನ್ನು ಮೇಜಿನ ಮೇಲಿಟ್ಟ. ಅವಳು ಹರಿದು ನೋಡಿದಳು. ಎರಡು ಬಿಳಿಯ ನಡುವೆ ಕಾಡಿಗೆ ಎಳೆದಷ್ಟು ಸಣ್ಣ ಕಪ್ಪು ಗೆರೆ. "ಎಲ್ಲಿ ಸಿಕ್ತು?" ಅಂದಳು. ಭದ್ರಾವತಿಯಲ್ಲಿ ಜನಾರ್ದನ ಅಂತ ಒಬ್ಬ ಗುಜರಿ ವ್ಯಾಪಾರಿ, ಅವನ ಗೋಡೌನಿನಲ್ಲಿದೆ ಅಂದ. ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಬಸ್ಸು ಪೇಪರ್ ಟೌನಿನ ಹತ್ತಿರ ಬಂದಾಗ ಕರಿಯಪ್ಪ ಮುಖವನ್ನು ಇನ್ನೊಂದು ಕಿಟಕಿಯ ಕಡೆ ತಿರುಗಿಸಿದ. ವಸಂತಮ್ಮ ನೋಡಿದಳು. ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಆದವು. ಹೊಗೆಯಿಲ್ಲದ ಚಿಮಣಿ, ಗಿಡ ಹುಟ್ಟಿದ ಗೋಡೆ. ಮೊದಲು ಈ ದಾರಿಯಲ್ಲಿ ಬಂದರೆ ಮೂಗು ಮುಚ್ಚಿಕೊಳ್ಳಬೇಕಿತ್ತು, ಆ ವಾಸನೆಯಲ್ಲೇ ಸಾವಿರಾರು ಮನೆಗಳ ಅನ್ನ ಬೇಯುತ್ತಿತ್ತು. ಇಡೀ ಊರಿನ ಹೆಸರೇ ಕಾಗದ. ಅಂಥ ಊರಿಗೆ ಬಂದು ಒಂದು ಹಿಡಿ ಕಾಗದಕ್ಕೆ ಗುಜರಿಯವನ ಗೋಡೌನು ಹುಡುಕಬೇಕು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಕೇಳಿದ್ದೆವು, ಇಲ್ಲಿ ದೀಪವನ್ನೇ ಆರಿಸಿ ಇಟ್ಟಿದ್ದಾರೆ. ಎಲೆಕ್ಷನ್ ಬಂದಾಗಲೆಲ್ಲ ಮತ್ತೆ ತೆರೆಸುತ್ತೇವೆ ಎನ್ನುತ್ತಾರೆ. ಆ ಮಾತಿನ ಕರಪತ್ರಗಳನ್ನು ವಸಂತಮ್ಮನ ಮಷೀನಿನಲ್ಲೇ ಎಷ್ಟೋ ಸಲ ಅಚ್ಚು ಹಾಕಿದ್ದಾಗಿದೆ, ಅರಿಶಿನ ಹಚ್ಚಿ.

ಜನಾರ್ದನನ ಗೋಡೌನು ಸಂದಿಯೊಳಗಿತ್ತು. ಒಳಗಿದ್ದ ಹೆಂಡತಿಗೆ ತಮಿಳಿನಲ್ಲಿ ಏನೋ ಕೂಗಿ ಹೇಳಿ, ಇವರನ್ನು ಕನ್ನಡದಲ್ಲಿ ಬರಮಾಡಿಕೊಂಡ. "ಬನ್ನಿ ಅಕ್ಕಾ. ಯಾವುದೋ ಊರಲ್ಲಿ ಇಸ್ಪೀಟ್ ಕಂಪನಿ ಮುಚ್ಚಿತು, ಲಾಟಲ್ಲಿ ಬಂತು ಮಾಲು. ಪೆಟ್ಟಿಗೆ ಮಾಡೋರಿಗೆ ಕೊಡೋಣ ಅಂತಿದ್ದೆ." ಅವಳು ಬಂಡಲ್ಲಿನ ನಡುವಿನಿಂದ ಹಾಳೆ ಎಳೆದು ಟಾರ್ಚು ಹಿಡಿದಳು. ಬೆಳಕು ಹಾಯಲಿಲ್ಲ. ಬಗ್ಗಿಸಿ ಬಿಟ್ಟಳು, ಚಟ್ ಅಂತು. ಮೂಲೆ ಹರಿದಳು.

"ಅಯ್ಯೋ ಹರಿಬೇಡಿ ಅಕ್ಕಾ, ಅದು ಮಾಲು!"

"ಹರೀದೆ ಒಳಗೇನಿದೆ ಅಂತ ಹೆಂಗೋ ಗೊತ್ತಾಗುತ್ತೆ ಮಾರಾಯ?"

ವ್ಯಾಪಾರ ಕುದುರಿತು. ಹೊರಡುವಾಗ ಜನಾರ್ದನ ಹಲ್ಲು ಕಿರಿದು ಹೇಳಿದ, "ನಿಮ್ಮ ಮಗ ಫೋನ್ ಮಾಡಿದ್ರು ಅಕ್ಕಾ. ಹಳೇ ಮಷೀನು ತೂಕಕ್ಕೆ ಕೊಡ್ತೀವಿ, ರೆಡಿ ಇರಿ ಅಂತ."

ವಸಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಾ ಮಾರಾಯ, ಖಂಡಿತ ಬಾ. ಬಂದ ದಿನ ನಿಂಗೂ ಒಂದು ಕಟ್ಟು ಕೊಡ್ತೀನಿ, ಮನೇಲಿ ಕೂತು ಒಬ್ನೇ ಆಡ್ಕೋ." ಅಲ್ಲಿಂದ ಶಿವಮೊಗ್ಗ ಮುಟ್ಟುವವರೆಗೂ ಅವಳು ಮಗನನ್ನು ಬೈದಳು, ಕೇಳಿಸಿಕೊಂಡವನು ಕರಿಯಪ್ಪ.

ಬಂಡಲ್ಲುಗಳು ಟಾಟಾ ಏಸಿನಲ್ಲಿ ಬಂದಿಳಿದವು. ವಸಂತಮ್ಮ ಎಂದಿನಂತೆ ಅರಿಶಿನ ಕಲೆಸಿದಳು. ಅವತ್ತು ಸ್ವಲ್ಪ ಹೆಚ್ಚೇ ಕಲೆಸಿದಳು. ಒಂದೊಂದು ಬಂಡಲ್ಲಿನ ನಾಲ್ಕು ಮೂಲೆಗೂ ಮೇಲಿನಿಂದ ಕೆಳಗಿನವರೆಗೆ, ಒಂದು ಹಾಳೆಯೂ ತಪ್ಪದ ಹಾಗೆ, ಹೆಬ್ಬೆರಳಲ್ಲಿ ಎಳೆದಳು.

"ಅಮ್ಮಾ, ಈ ಬೋರ್ಡಿಗೆ..." ಅಂದ ಕರಿಯಪ್ಪ.

"ಏನು? ಇಸ್ಪೀಟಿಗೆ ಅರಿಶಿನ ಹಚ್ಬಾರ್ದು ಅಂತ ನಿಮ್ಮೂರಲ್ಲಿ ಶಾಸ್ತ್ರ ಇದ್ಯಾ? ನೀನೂ ಶುರು ಮಾಡಿದ್ಯಾ ಅವ್ರ ಥರ?"

ಕರಿಯಪ್ಪ ಈ ಬೋರ್ಡು ನೀರು ಕುಡಿಯುತ್ತದೆ ಎಂದು ಹೇಳಲು ಹೊರಟಿದ್ದ, ಹೇಳಲಿಲ್ಲ.

ಕೆಲಸ ಚೆನ್ನಾಗಿಯೇ ನಡೆಯಿತು. ಒಂದು ದೊಡ್ಡ ಹಾಳೆಗೆ ಒಂದು ಕಟ್ಟು. ನಾಲ್ಕು ಸಾಲು, ಮೇಲೆ ಇಸ್ಪೀಟು, ಆಮೇಲೆ ಆಟೀನು, ಕಳಾವರು, ಕೆಳಗೆ ಡೈಮನ್ನು. ಸಾಲಿನ ಒಂದು ತುದಿಗೆ ಎಕ್ಕ, ಇನ್ನೊಂದು ತುದಿಗೆ ರಾಜ. ಬೋರ್ಡಿನ ಅಳತೆಗೆ ಎಲೆಗಳು ಒತ್ತಾಗಿ ಕೂತು, ಅಂಚಿನಲ್ಲಿ ಕತ್ತರಿಸಿ ಬಿಸಾಡಲು ಬೆಂಕಿಕಡ್ಡಿಯಗಲದ ಜಾಗ ಮಾತ್ರ ಉಳಿಯಿತು. ಬೆನ್ನಿಗೆ ಕ್ಲಬ್ಬಿನವರು ಕೇಳಿದ ಅಡಿಕೆ ಹಿಂಗಾರದ ಹಳದಿ ಬಣ್ಣ, ನಡುವೆ ಅವರ ಗುರುತು. ಕರಿಯಪ್ಪ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಮೊದಲ ಕಟ್ಟನ್ನು ಅವಳ ಅಂಗೈಗಿಟ್ಟ. ವಸಂತಮ್ಮ ಬೈಯಲಿಲ್ಲ. ಅವಳಿಂದ ಅದೇ ದೊಡ್ಡ ಹೊಗಳಿಕೆ.

ಸಂಜೆ ಇಬ್ಬರೂ ಕ್ಲಬ್ಬಿಗೆ ಹೊರಟರು. ಬಾಗಿಲಲ್ಲಿ ನಿಶಾಂತ್, "ನಾಳೆ ಜನಾರ್ದನಂಗೆ ಬರೋಕೆ ಹೇಳಿದೀನಿ ಅಮ್ಮ. ಪಾಸಾದ್ರೆ ಫೋನ್ ಮಾಡು, ಬೇಡ ಅಂತೀನಿ" ಅಂದ. ವಸಂತಮ್ಮ ಅವನ ಮುಖ ನೋಡಲಿಲ್ಲ. ಅಭ್ಯಾಸದಂತೆ ಅರಿಶಿನದ ಪೊಟ್ಟಣವನ್ನು ಬ್ಯಾಗಿಗೆ ಹಾಕಿಕೊಂಡಿದ್ದಳು.

ಆಟದ ಮನೆಗೆ ಹೆಂಗಸರು ಬರುವ ರೂಢಿ ಇಲ್ಲವಂತೆ. ವರಾಂಡದಲ್ಲಿ ಕುರ್ಚಿ ಹಾಕಿಕೊಟ್ಟರು. ಅವಳು ಆ ಕುರ್ಚಿಯನ್ನೇ ದರದರ ಎಳೆದುಕೊಂಡು ಒಳಗೆ ಬಂದು ಮೇಜಿನ ಪಕ್ಕ ಕೂತಳು. ಕರಿಯಪ್ಪ ಗೋಡೆಗೊರಗಿ ನಿಂತ. ಚಂದ್ರಶೇಖರಪ್ಪ, ಜೊತೆಗೆ ಇನ್ನೂ ನಾಲ್ವರು ಮೆಂಬರುಗಳು. ಮೇಜಿನ ಮೇಲೆ ಎಲೆ-ಅಡಿಕೆಯ ತಟ್ಟೆ, ಸುಣ್ಣದ ಡಬ್ಬಿ. ಇಸ್ಪೀಟಿನ ಎಲೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು, ಏನೂ ಕಾಣಲಿಲ್ಲ. ಬಗ್ಗಿಸಿದರು, ಚಟ್ ಅಂತು. ಕಲೆಸಿದರು, ನೀರಿನ ಹಾಗೆ ಹರಿಯಿತು. "ಪರವಾಗಿಲ್ವೇ" ಅಂದರು ಚಂದ್ರಶೇಖರಪ್ಪ, ವೀಳ್ಯದೆಲೆಗೆ ಸುಣ್ಣ ಸವರುತ್ತ. ಇದ್ದದ್ದು ಒಂದೇ ಕಟ್ಟು, ಏಳೆಲೆಯ ರಮ್ಮಿ ಶುರುವಾಯಿತು. ಮೊದಲ ಆಟ ಮುಗಿಯಿತು. ಎರಡನೆಯ ಆಟ ನಡೆಯುವಾಗ ಎದುರಿಗೆ ಕೂತ ಬೊಕ್ಕತಲೆಯವರು ಇದ್ದಕ್ಕಿದ್ದಂತೆ, "ಚಂದ್ರಣ್ಣ, ನಿಮ್ಮ ಕೈಲಿ ಇಸ್ಪೀಟ್ ಎಕ್ಕ ಇದೆ ಅಲ್ವಾ?" ಅಂದರು.

"ನಿಂಗೆ ಹೆಂಗೋ ಗೊತ್ತು?"

"ಬೆನ್ನಲ್ಲೇ ಕಾಣ್ತಿದೆಯಲ್ರೀ! ಮೂಲೆ ಕೆಂಪಗಿದೆ. ಹೋದ ಆಟದಲ್ಲೂ ನೀವು ಹಿಡಿದಿದ್ದಾಗ ಹಂಗೇ ಆಯ್ತು."

ಆಟ ನಿಂತಿತು. ಎಕ್ಕವನ್ನು ಮೇಜಿನ ಮೇಲೆ ಮಗುಚಿದರು. ಹಿಂಗಾರದ ಹಳದಿಯ ಮೂಲೆಯಲ್ಲಿ ಬೆರಳುಗುರಿನಷ್ಟು ಕೆಂಪು. ಚಂದ್ರಶೇಖರಪ್ಪ ತಮ್ಮ ಹೆಬ್ಬೆರಳಿನಿಂದ ಬಾಕಿ ಎಲೆಗಳ ಮೂಲೆಗಳನ್ನೂ ಒಂದೊಂದಾಗಿ ತಿಕ್ಕತೊಡಗಿದರು. ಇಸ್ಪೀಟ್ ರಾಜನ ಮೂಲೆ ಕೆಂಪಾಯಿತು. ಡೈಮನ್ ಎಕ್ಕ ಕೆಂಪಾಯಿತು, ಡೈಮನ್ ರಾಜನೂ ಆಯಿತು. ಬೇರೆ ಒಂದು ಎಲೆಯೂ ಆಗಲಿಲ್ಲ. ಎಲ್ಲ ಬಿಟ್ಟು ಎರಡು ಎಕ್ಕ, ಎರಡು ರಾಜ! ಮೆಂಬರುಗಳು ಚಂದ್ರಶೇಖರಪ್ಪನವರ ಹೆಬ್ಬೆರಳನ್ನೇ ನೋಡತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರು ಆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಎದ್ದು ನಿಂತು ಗೋಡೆಗೊರಗಿದ್ದ ಕರಿಯಪ್ಪನ ಕಡೆ ತಿರುಗಿದರು.

"ಏಯ್, ಕತ್ತರಿಸಿದ್ದು ನೀನೇ ಅಲ್ವೇನೋ? ಯಾರು ಹೇಳಿ ಮಾಡ್ಸಿದ್ದು ಈ ಗುರುತು? ಕಳ್ಳ ನನ್ಮಗನೆ!"

ವಸಂತಮ್ಮನಿಗೆ ಮಷೀನು ಹೋಯಿತು ಎಂಬುದೊಂದೇ ತಲೆಯಲ್ಲಿ. "ಏನೋ ಇದು ಕರಿಯಪ್ಪ? ಏನ್ ಮಾಡಿಟ್ಯೋ?" ಎಂದು ಅವಳೂ ಕೂಗಿದಳು.

ಕರಿಯಪ್ಪ ಅವಳ ಬಲಗೈ ಬೆರಳುಗಳನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. "ನಂದೇ ತಪ್ಪು ಅಮ್ಮ. ಕೈಗೆ ಅರಿಶಿನ ಆಗಿತ್ತು ಅನ್ಸುತ್ತೆ. ನೋಡ್ಕೊಳ್ಲಿಲ್ಲ."

ಅರಿಶಿನ. ಸುಣ್ಣ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂದು ಆರತಿ ತಟ್ಟೆ ಹಿಡಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಮೂಲೆಗೆ ಎಳೆದ ಅರಿಶಿನವನ್ನು ಬೋರ್ಡು ಒಳಗೆ ಕುಡಿದಿದೆ. ಹಳದಿ ಬಣ್ಣದಡಿಯಲ್ಲಿ ಅದು ಕಂಡಿಲ್ಲ. ಹಾಳೆಯ ನಾಲ್ಕು ಮೂಲೆಯಲ್ಲಿ ಇದ್ದದ್ದು ಆ ಎರಡು ಎಕ್ಕ, ಎರಡು ರಾಜ. ಪ್ರೆಸ್ಸಿನಲ್ಲಿ ಅರಿಶಿನದ ಬಟ್ಟಲಿಗೆ ಕರಿಯಪ್ಪ ಎಂದೂ ಬೆರಳು ಹಾಕಿದವನಲ್ಲ. ವಸಂತಮ್ಮ ತನ್ನ ಉಗುರು ನೋಡಿಕೊಂಡಳು, ಇನ್ನೂ ಹಳದಿಯಾಗಿತ್ತು.

"ಅವನಲ್ಲ" ಅಂದಳು. "ಸುಳ್ಳು ಹೇಳ್ತಿದಾನೆ. ಹಚ್ಚಿದ್ದು ನಾನು. ಕಾಗದ ಬಂದಾಗ ನಾಲ್ಕು ಮೂಲೆಗೂ ನಾನೇ ಹಚ್ಚಿದ್ದು."

ಚಂದ್ರಶೇಖರಪ್ಪ ಕುರ್ಚಿಯಲ್ಲಿ ಕೂತು, ಎಲೆ-ಅಡಿಕೆ ಅಗಿಯುತ್ತ, ಪಕ್ಕದವರಿಗೆ ಹೇಳುವ ಹಾಗೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು, "ಅದಕ್ಕೇ ಹಿರಿಯರು ಹೇಳಿರೋದು. ಅರಿಶಿನ ಹಚ್ಚೋರು ಹಚ್ಚಿದ್ರೆ ಚೆನ್ನ."

ಮತ್ತೆ ಅದೇ ಮಾತು. ಇಷ್ಟು ವರ್ಷ ಆದ ಮೇಲೂ ಅದೇ ಮಾತು, ಬಾಯಿ ಮಾತ್ರ ಬೇರೆ. ವಸಂತಮ್ಮ ಎದ್ದಳು. ಮೇಜಿನ ಮೇಲಿದ್ದ ಟೀ ಬಟ್ಟಲಿನ ಚರಟ ಚೆಲ್ಲಿ ನೀರು ಹಾಕಿದಳು. ಬ್ಯಾಗಿನಿಂದ ಪೊಟ್ಟಣ ತೆಗೆದು ಅರಿಶಿನ ಸುರಿದಳು. ಸೆಕ್ರೆಟರಿಯವರ ಮುಂದಿದ್ದ ಸುಣ್ಣದ ಡಬ್ಬಿಯನ್ನೇ ಎಳೆದುಕೊಂಡು ಬೆರಳಲ್ಲಿ ಅಷ್ಟು ಸುಣ್ಣ ತೋಡಿ ಕಲಕಿದಳು. ಬಟ್ಟಲು ರಕ್ತದ ಬಣ್ಣಕ್ಕೆ ತಿರುಗಿತು. ಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅಮುಕಿ ಹಿಡಿದು, ಒಂದು ಮೂಲೆ ಅದ್ದಿದಳು, ತಿರುಗಿಸಿದಳು, ಇನ್ನೊಂದು ಮೂಲೆ ಅದ್ದಿದಳು. ನಾಲ್ಕೂ ಮೂಲೆ. ಸೆರಗಿನಿಂದ ಒರೆಸಿ, ಎಲೆಗಳನ್ನು ಹಸಿರು ಬಟ್ಟೆಯ ಮೇಲೆ ಹರಡಿದಳು. ಎಲ್ಲ ಎಲೆಗೂ ಕೆಂಪು ಮೂಲೆ.

"ಗುರುತು ಅಂದ್ರಲ್ಲ? ತಗೊಳ್ಳಿ, ಎಲ್ಲದಕ್ಕೂ ಗುರುತು! ಈಗ ಹೇಳಿ, ಇದ್ರಲ್ಲಿ ಎಕ್ಕ ಯಾವ್ದು? ಹಚ್ಚಿದ್ದು ಇದೇ ಕೈ. ಹೇಳಿ!"

ಫ್ಯಾನಿನ ಗಾಳಿಗೆ ಎಲೆ ಆರಿತು. ಬೊಕ್ಕತಲೆಯವರು ಒಂದನ್ನು ಆರಿಸಿ ತೆಗೆದರು. ಕಳಾವರ್ ಏಳು. ಇನ್ನೊಬ್ಬರು ತೆಗೆದರು, ಆಟೀನ್ ಗುಲಾಮ. ಮತ್ತೆ ತೆಗೆದರು, ಮತ್ತೆ ತಪ್ಪಿದರು. "ನೋಡೋಕೂ ಚೆನ್ನಾಗಿದೆ ಕಣ್ರೀ" ಎಂದು ಒಬ್ಬರು ಮೆಲ್ಲಗೆ ಅಂದರು. ಚಂದ್ರಶೇಖರಪ್ಪ ಬಾಯಲ್ಲಿದ್ದ ಎಲೆ-ಅಡಿಕೆ ಅಗಿದು ನುಂಗಿ, "ಆಯ್ತಮ್ಮ. ಬರ್ಕೊಳ್ಳಿ ಆರ್ಡರ್" ಅಂದರು.

ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ವಸಂತಮ್ಮ ಅಲ್ಲವೇ. "ಮೊದ್ಲು ಕರಿಯಪ್ಪಂಗೆ ತಪ್ಪಾಯ್ತು ಅನ್ನಿ. ಅವನಿಗೆ ಕಳ್ಳ ಅಂದ್ರಿ" ಅಂದಳು.

"ಪ್ರೆಸ್ಸಿನ ಆಳಿಗೆ? ಕ್ಲಬ್ಬಲ್ಲಿ ಕೂತು ನಾನು?"

"ಹಂಗಾದ್ರೆ ನಿಮ್ಮ ಆರ್ಡರೂ ಬೇಡ, ನೀವೂ ಬೇಡ." ಕಟ್ಟನ್ನು ಅಲ್ಲೇ ಬಿಟ್ಟು ಅವಳು ದಡದಡ ಮೆಟ್ಟಿಲಿಳಿದಳು. ಎದೆ ಉಬ್ಬಿತ್ತು. ಎಷ್ಟೋ ವರ್ಷಗಳ ಮೇಲೆ ಒಂದು ಸಿಟ್ಟು ಸರಿಯಾದ ಜಾಗಕ್ಕೆ ಹೋಗಿ ಬಿದ್ದಿದೆ ಅನ್ನಿಸಿತು. ಗೇಟಿನ ಹತ್ತಿರ ನಿಂತು ಹಿಂದೆ ನೋಡಿದಳು. ಕರಿಯಪ್ಪ ಬರುತ್ತಿದ್ದ. ಮುಖ ಗುರುತೇ ಸಿಗದ ಹಾಗಾಗಿತ್ತು.

"ಯಾರು ಕೇಳಿದ್ರು ನಿಮ್ಮನ್ನ?" ಅಂದ. "ಅವನ ತಪ್ಪಾಯ್ತು ಕಟ್ಕೊಂಡು ನಾನೇನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ಅವನು ನಂಗೆ ಯಾರು? ಅವನು ಕಳ್ಳ ಅಂದಿದ್ದು ಒಂದು ಸಲ. ನೀವು? ದಿನಾ ಅಂದ್ರಿ! ಬಸ್ ಲೇಟಾದ್ರೆ ಕಳ್ಳ, ಶಾಯಿ ಮುಗಿದ್ರೆ ಕಳ್ಳ. ಈಗ್ಲೂ ಒಳಗೆ, ಅವನು ಕೂಗಿದ ಮೇಲೆ ನನ್ನ ಮೇಲೆ ಕೂಗಿದ್ದು ಯಾರು? ನೀವು! ನಿಮ್ಮ ಕೈ ಅರಿಶಿನಕ್ಕೆ ನನ್ನ ಹೆಸರು ಕರೆದ್ರಿ!"

ವಸಂತಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ. ಒಂದೇ ಸಲ ಎಂದುಕೊಂಡಿದ್ದೆವು, ಇದು ಎರಡನೆಯ ಸಲ.

"ಭದ್ರಾವತೀಲಿ ಮಷೀನುಗಳು ನಿಂತಿದ್ದು ನೋಡಿದೀನಿ" ಅಂದ ಕರಿಯಪ್ಪ. "ನಮ್ಮಪ್ಪ ಆ ಗೇಟ್ ಮುಂದೆ ಹೋಗಿ ಹೋಗಿ ಕೂತ್ಕೋತಿದ್ರು. ಇನ್ನೊಂದು ಮಷೀನು ಯಾರದೋ ಸಿಟ್ಟಿಗೆ ಗುಜರಿಗೆ ಹೋಗೋದು ನಾನು ನೋಡಲ್ಲ. ನಿಮ್ಮ ಸಿಟ್ಟಿಗೂ ಇಲ್ಲ, ಅವನ ಸಿಟ್ಟಿಗೂ ಇಲ್ಲ. ನಂಗೆ ಅವನ ತಪ್ಪಾಯ್ತು ಬೇಡ. ಬೇಕಾಗಿದ್ದು ಬೇರೆಯೋರದ್ದು."

ಗೇಟಿನಾಚೆ ಆಟೋಗಳು ಹೋಗುತ್ತಿದ್ದವು. ವಸಂತಮ್ಮ ಗೇಟಿನ ಸರಳು ಹಿಡಿದು ನಿಂತಳು, ಆ ಸರಳಿಗೂ ಕೆಂಪು ಮೆತ್ತಿತು. ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಇದುವರೆಗೆ ಯಾರ ಮೇಲೂ ಬಂದಿರಲಿಲ್ಲ.

"ತಪ್ಪಾಯ್ತು ಕರಿಯಪ್ಪ" ಅಂದಳು. ಆಮೇಲೆ, ಅದು ಸಾಲದು ಅನ್ನಿಸಿತೋ ಏನೋ, "ತಪ್ಪಾಯ್ತು" ಎಂದು ಇನ್ನೊಮ್ಮೆ ಅಂದಳು.

ಕರಿಯಪ್ಪ ಮೂಗು ಒರೆಸಿಕೊಂಡ. "ಈಗ ಒಳಗೆ ನಡೀರಿ" ಅಂದ.

ಆ ಮೆಟ್ಟಿಲು ಮತ್ತೆ ಹತ್ತುವುದಕ್ಕಿಂತ ಬೆಂಕಿ ತುಳಿಯುವುದು ಸುಲಭ. ಅವಳು ಹತ್ತಿದಳು. ಆಟದ ಮನೆಯಲ್ಲಿ ಐವರೂ ತಲೆ ಬಗ್ಗಿಸಿ ಆಡುತ್ತಿದ್ದರು. ಅವರ ಕೈಯಲ್ಲಿದ್ದದ್ದು ಹಳೆಯ ಇಸ್ಪೀಟಲ್ಲ, ಕೆಂಪು ಮೂಲೆಯ ಎಲೆಗಳು. ಚಂದ್ರಶೇಖರಪ್ಪ ಒಳ್ಳೆಯ ಎಲೆ ಬಿದ್ದವರ ಹಾಗೆ ಎದೆಗೆ ಅವುಚಿ ಹಿಡಿದಿದ್ದರು. ಅವಳನ್ನು ಕಂಡು ಗಂಟಲು ಸರಿ ಮಾಡಿಕೊಂಡರು.

"ಆರ್ಡರ್ ಹೇಳಿ" ಅಂದಳು ವಸಂತಮ್ಮ. ಹಲ್ಲು ಕಚ್ಚಿಕೊಂಡೇ ಹೇಳಿದಳು, ಆದರೆ ಕೂಗಲಿಲ್ಲ. "ನಂಗಲ್ಲ. ಇಸ್ಪೀಟು ಮಾಡಿದೋರು ಇವ್ರು, ಇವ್ರಿಗೆ ಹೇಳಿ." ತಾನು ಎಳೆದು ತಂದಿದ್ದ ಕುರ್ಚಿಯನ್ನು ಕರಿಯಪ್ಪನ ಕಡೆಗೆ ತಳ್ಳಿದಳು.

ಕರಿಯಪ್ಪ ಕೂತ. ಸೆಕ್ರೆಟರಿಯವರು ಒಮ್ಮೆ ಅವನನ್ನು, ಒಮ್ಮೆ ತಮ್ಮ ಕೈಯ ಎಲೆಗಳನ್ನು ನೋಡಿ, ಎಷ್ಟು ಕಟ್ಟು, ಯಾವಾಗ ಬೇಕು ಎಲ್ಲ ಹೇಳಿದರು. ಅವನು ಶಾಯಿ ಮೆತ್ತಿದ ಬೆರಳಲ್ಲಿ ನಿಧಾನವಾಗಿ ಬರೆದುಕೊಂಡ. ಕೊನೆಗೆ ತಲೆ ಎತ್ತಿ ಕೇಳಿದ, "ಮೂಲೆಗೆ ಅರಿಶಿನ ಬೇಕಾ, ಬೇಡ್ವಾ? ಹಚ್ಚೋದು ಅಮ್ಮನೇ."

ಚಂದ್ರಶೇಖರಪ್ಪ ಎಲೆಯಿಂದ ಕಣ್ಣು ಕೀಳಲಿಲ್ಲ.

"ಹಚ್ಲಿ" ಅಂದರು.

ಕರಿಯಪ್ಪ ಅದನ್ನೂ ಬರೆದುಕೊಂಡ.